ಬ್ಯಾಂಡ್‌ಸೆಟ್ಟಿನ ಮೇಣದ ಬೊಂಬೆ

ತಾಯಂದಿರೇ, ಅಣ್ಣಂದಿರೇ, ಒಂದು ದೊಡ್ಡ ಪೇಟೆಯಲ್ಲಿ ಒಬ್ಬ ಶ್ರೀಮಂತನಿದ್ದ. ಹೋಟೆಲುಗಳ ಯಜಮಾನ. ಅವನಿಗೆ ಇಲ್ಲದ್ದು ಏನಿತ್ತು, ಹೇಳಿ? ಎಲ್ಲವೂ ಇತ್ತು. ಒಂದು ದಿನ ಹೆಂಡತಿಯ ಒತ್ತಾಯಕ್ಕೆ, ಊರ ನಡುವಿನ ಸರ್ಕಲ್ಲಿನಲ್ಲಿ ಹೊಸದಾಗಿ ತೆರೆದಿದ್ದ ಮೇಣದ ಬೊಂಬೆಗಳ ಮ್ಯೂಸಿಯಂಗೆ ಹೋದ.

ರಾಜರಿದ್ದರು, ಸಂತರಿದ್ದರು, ಎಲ್ಲರೂ ಮೇಣದವರು! ಜನ ಅವರ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕೊನೆಯ ಕೋಣೆಯಲ್ಲಿ ಹಳೆಯ ಕಾಲದ ಮದುವೆ ಬ್ಯಾಂಡ್‌ಸೆಟ್ಟು. ಕ್ಲಾರಿಯೋನೆಟ್ ಊದುವ ಬೊಂಬೆಯ ಮುಂದೆ ಶ್ರೀಮಂತ ನಿಂತೇಬಿಟ್ಟ. ಉಬ್ಬಿದ ಕೆನ್ನೆ, ಅರೆಮುಚ್ಚಿದ ಕಣ್ಣು. ಥೇಟ್ ಚಿಕ್ಕರಾಜು!

ನೋಡಿ, ಶ್ರೀಮಂತ ಹುಟ್ಟಾ ಶ್ರೀಮಂತನಲ್ಲ. ಹರೆಯದಲ್ಲಿ ಇಂಥದೇ ಬ್ಯಾಂಡ್‌ಸೆಟ್ಟಿನಲ್ಲಿ ಇವನು ಡ್ರಮ್ ಬಾರಿಸುತ್ತಿದ್ದ, ಗೆಳೆಯ ಚಿಕ್ಕರಾಜು ಕ್ಲಾರಿಯೋನೆಟ್ ಊದುತ್ತಿದ್ದ. ಮೆರವಣಿಗೆ ಮುಗಿದರೆ ಛತ್ರದ ಹಿಂದಿನ ಕಟ್ಟೆಯ ಮೇಲೆ ಕುಳಿತು ಇಬ್ಬರೂ ಒಂದೇ ಎಲೆಯಲ್ಲಿ ಉಣ್ಣುತ್ತಿದ್ದರು. ಕೊನೆಯ ಬೂಂದಿಕಾಳಿಗೆ ಜಗಳ, ಜಗಳದ ಮೇಲೆ ನಗು. ಎಂಥ ದಿನಗಳವು! ಆಮೇಲೆ ಹಣ ಬಂತು. ಶ್ರೀಮಂತನ ಮಗಳ ಮದುವೆಗೆ ಚಿಕ್ಕರಾಜು ಕರೆಯದೆಯೇ ವಾದ್ಯ ಹಿಡಿದು ಬಂದಾಗ ಶ್ರೀಮಂತ ಬಾಗಿಲಲ್ಲೇ ತಡೆದಿದ್ದ. "ಇವತ್ತು ಬ್ಯಾಡ ಕಣೋ, ದೊಡ್ಡೋರು ಬಂದವ್ರೆ." ಗೆಳೆಯ ಉಣ್ಣದೆ ಹಿಂದಿರುಗಿದ್ದ.

ಈಗ ಬೊಂಬೆಯ ತಣ್ಣನೆಯ ಕೈ ಹಿಡಿದು ಶ್ರೀಮಂತ ಅತ್ತುಬಿಟ್ಟ. "ತಪ್ಪಾಯ್ತು ಕಣೋ ಚಿಕ್ಕ, ಕ್ಷಮಿಸ್ಬುಡು."

ಹೆಂಡತಿ ಮೆಲ್ಲಗೆ ತೋಳು ಮುಟ್ಟಿದಳು. "ಅಲ್ಲಾ ರೀ, ಮೇಣದ ತಾವ ಯಾಕ್ ಕೇಳ್ತಿದ್ದೀರಿ? ಆವಣ್ಣ ಇನ್ನೂ ಬದುಕವ್ರಲ್ರೀ! ಹಳೇ ಗರಡಿ ಬೀದೀಲೇ ಅವ್ರೆ."

ಕೇಳಿದಿರಾ? ಬದುಕಿದ್ದಾನೆ! ಅದೇ ಊರಿನಲ್ಲಿ ಬದುಕಿದ್ದಾನೆ!

ಶ್ರೀಮಂತ ಅಲ್ಲಿಂದ ನೇರ ಗರಡಿ ಬೀದಿಗೆ ನಡೆದ. ಚಿಕ್ಕರಾಜು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ. ಹಲ್ಲು ಉದುರಿತ್ತು, ಏದುಸಿರು ಬರುತ್ತಿತ್ತು. ತಲೆಯೆತ್ತಿ ನೋಡಿದ.

"ತಪ್ಪಾಯ್ತು ಕಣೋ."

"ಆಗಿತ್ತು ಕಣ್ಲಾ. ನಿನ್ ಮಖ ನೋಡ್ಬಾರ್ದು ಅಂತಿದ್ದೆ." ಚಿಕ್ಕರಾಜು ಅವರೆಕಾಯಿಯ ಮೊರವನ್ನು ಇತ್ತ ಸರಿಸಿದ. "ಆದ್ರೂ ಎಲ್ಲಾದ್ರೂ ವಾಲಗ ಕೇಳಿದ್ರೆ ನಿನ್ ಡ್ರಮ್ಮೇ ಕಿವಿಗೆ ಬರೋದು. ಕೂತ್ಕೊ. ಕಾಯಿ ಸುಲಿ."

ಶ್ರೀಮಂತ ನೆಲದ ಮೇಲೆ ಕುಳಿತ. ಅಂದು ಅಲ್ಲಿಯೇ ಉಂಡ.

ನಾವು ಬೇರೆಯವರೇ? ಗೋಡೆಯ ಫೋಟೊಗೆ ಹಾರ ಹಾಕಿ ಕಣ್ಣೊರೆಸಿಕೊಳ್ಳುತ್ತೇವೆ. ಪಕ್ಕದ ಬೀದಿಯ ತಮ್ಮ ಎದುರಾದರೆ ಮುಖ ತಿರುಗಿಸುತ್ತೇವೆ. ಇಂದು ಪ್ರಸಾದ ತೆಗೆದುಕೊಂಡು ನೇರ ಮನೆಗೆ ಹೋಗಬೇಡಿ. ಯಾರ ಜೊತೆ ಮಾತು ಬಿಟ್ಟಿದ್ದೀರೋ ಅವರ ಬಾಗಿಲಿಗೆ ಹೋಗಿ. ಮೊದಲ ಮಾತು ನೀವೇ ಆಡಿ. ಬೈದರೆ ಬೈಸಿಕೊಳ್ಳಿ. ಬೈಯುವುದಕ್ಕಾದರೂ ಅವರು ಇದ್ದಾರಲ್ಲ!