ಒಂಬತ್ತನೇ ಮೆಟ್ಟಿಲನ್ನು ಯಾರನ್ನು ಕೇಳಿ ತಗ್ಗಿಸಿದಿರಿ?

ವೇದಿಕೆಯ ಮೇಲಿರುವ ಅಧ್ಯಕ್ಷರೇ, ರಿಬ್ಬನ್ ಕತ್ತರಿಸಿ ಬೆವರೊರೆಸಿಕೊಳ್ಳುತ್ತಿರುವ ಅತಿಥಿಗಳೇ, ನಮ್ಮ ಮನೆಯನ್ನು ಇಷ್ಟು ಅಚ್ಚುಕಟ್ಟಾಗಿ ಹಾಳು ಮಾಡಿರುವ ಇಂಜಿನಿಯರ್ ಸಾಹೇಬರೇ, ಸಭಿಕರೇ,

ನಮ್ಮ ಮನೆ ಊರಿನ ವಾಚನಾಲಯವಾಗುತ್ತಿರುವ ಈ ದಿನ ಅದರ ಇತಿಹಾಸ ಹೇಳಿ ಎಂದಿದ್ದೀರಿ. ಹೇಳುತ್ತೇನೆ. ಕೆಳಗೆ ಪುಸ್ತಕಗಳಿಗೆ ರಟ್ಟು ಕಟ್ಟುವ ಅಜ್ಜನ ಕಾರ್ಖಾನೆ, ಮೇಲೆ ನಮ್ಮ ಸಂಸಾರ. ಕಿಟಕಿಗಳನ್ನು ಬದಲಾಯಿಸಿದಿರಿ, ಸುಮ್ಮನಿದ್ದೆ. ಅಡುಗೆಮನೆಯನ್ನು ಶೌಚಾಲಯ ಮಾಡಿದಿರಿ, ಹಲ್ಲು ಕಚ್ಚಿಕೊಂಡೆ. ಆದರೆ ನಾವೀಗ ಕೂತಿರುವ ಈ ಮಹಡಿಗೆ ಬರುವ ಮೆಟ್ಟಿಲುಗಳಲ್ಲಿ ಒಂಬತ್ತನೆಯದನ್ನು ಯಾರನ್ನು ಕೇಳಿ ತಗ್ಗಿಸಿದಿರಿ?

ಅದು ಉಳಿದವುಗಳಿಗಿಂತ ಮೂರು ಬೆರಳು ಎತ್ತರವಿತ್ತು. ಬಡಗಿ ಅಳತೆ ತಪ್ಪಿದ್ದ. ಅಜ್ಜ ಸಿಟ್ಟಿನಲ್ಲಿ ಕೀಳಿಸಲು ಹೊರಟಾಗ ಅಜ್ಜಿ ತಡೆದಳಂತೆ. “ಇರ್ಲಿ ಬಿಡಿ, ಮನೆಯೋರಿಗೆ ಎರಡು ದಿನದಲ್ಲಿ ಅಭ್ಯಾಸ ಆಗತ್ತೆ. ಬೇರೆಯೋರು ಬಂದ್ರೆ ಒಳಗೆ ಕೂತೇ ಗೊತ್ತಾಗತ್ತೆ.” ಹಾಗೇ ಆಯಿತು. ಪೋಸ್ಟ್‌ಮ್ಯಾನ್ ಎಡವಿದ, ವಿಮೆ ಏಜೆಂಟ್ ಎಡವಿದ, ನನ್ನನ್ನು ನೋಡಲು ಬಂದ ಭಾವೀ ಮಾವ ಹತ್ತುವಾಗೊಮ್ಮೆ ಇಳಿಯುವಾಗೊಮ್ಮೆ ಎಡವಿ ಸಂಬಂಧವನ್ನೇ ಕೈಬಿಟ್ಟರು. ನಾವು ಮಾತ್ರ ಕಣ್ಣು ಮುಚ್ಚಿಕೊಂಡೂ ಹತ್ತುತ್ತಿದ್ದೆವು. ಇದು ದೋಷವೇ? ಇದು ಅಪಾಯವೇ? ದುರಸ್ತಿಯ ಕಡತದಲ್ಲಿ ಹಾಗೆ ಬರೆದವರು ಒಂದು ದಿನವಾದರೂ ಈ ಮನೆಯಲ್ಲಿದ್ದರೇ?

ಸಭಿಕರೇ, ನನ್ನ ಅಕ್ಕ ತನಗೊಪ್ಪಿದ ಗಡಿಯಾರ ರಿಪೇರಿಯವನನ್ನು ಮದುವೆಯಾಗಿ ಊರು ಬಿಟ್ಟಳು. ಏಳು ವರ್ಷದ ಮೇಲೆ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಒಂಬತ್ತನೆಯದರಲ್ಲಿ ಎಡವಲಿಲ್ಲ. ಬಂದವಳು ಯಾರೆಂದು ಅಪ್ಪನಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅವಳು ಎರಡು ಸಲ ತಟ್ಟಿದಳು. ಬಾಗಿಲು ತೆರೆಯಲಿಲ್ಲ. ಅಪ್ಪ ಕಲ್ಲುಮನಸ್ಸಿನವರು ಎಂದು ಊರೆಲ್ಲ ಆಡಿಕೊಂಡಿತು, ನಾನೂ ಅಲ್ಲವೆನ್ನಲಿಲ್ಲ. ಇರಲಿ, ಈಗ ವಿಷಯ ಅದಲ್ಲ. ವಿಷಯ ಮೆಟ್ಟಿಲು. ಅವಳು ಇನ್ನೊಮ್ಮೆ ಬಂದರೆ ಗೊತ್ತಾಗಲಿ ಎಂದು ಮೂವತ್ತು ವರ್ಷ ಇದೇ ಕೋಣೆಯಲ್ಲಿ ಕಿವಿಗೊಟ್ಟು ಕೂತಿದ್ದೆ. ಈಗ ಯಾರು ಬಂದರೂ ಒಂದೇ ಸದ್ದು. ನಗಬೇಡಿ, ಇಂಜಿನಿಯರ್ ಸಾಹೇಬರೇ. ನಾಳೆಯೇ ಆ ಮೆಟ್ಟಿಲನ್ನು ಮೊದಲಿದ್ದಂತೆ…

ಕ್ಷಮಿಸಿ. ಈಗ ಮೆಟ್ಟಿಲ ಮೇಲೆ ಧೊಪ್ಪೆಂದದ್ದು ನಿಮಗೂ ಕೇಳಿಸಿತಲ್ಲವೇ? ಅದು ಎಡವಿದ ಸದ್ದಲ್ಲ. ಇಲ್ಲದ ಎತ್ತರಕ್ಕೆ ಕಾಲೆತ್ತಿ ಇಟ್ಟ ಸದ್ದು. ಬೆಳಿಗ್ಗೆ ನಾನೂ ಹಾಗೇ ಇಟ್ಟು ಮೊಣಕಾಲು ನೋಯಿಸಿಕೊಂಡೆ. ಹಾಗೆ ಹತ್ತುವವರು ಈ ಭೂಮಿಯ ಮೇಲೆ ಈಗ ಇಬ್ಬರೇ ಉಳಿದಿದ್ದೇವೆ.

ಬಾಗಿಲ ಬಳಿ ಕೂತವರು ದಯವಿಟ್ಟು ಅವರಿಗೆ ದಾರಿ ಬಿಡಿ. ಯಾರಾದರೂ ಕುರ್ಚಿ ಕೊಡಿ. ಕೂತ್ಕೋ ಅಕ್ಕ. ಆವತ್ತು ಅಪ್ಪ “ತೆಗಿಯೋ, ಅವಳೇ ಬಂದಿದಾಳೆ” ಅಂದಿದ್ದರು. ಒಂದು ಸಲವಲ್ಲ, ಮೂರು ಸಲ. ನೀನು ಮದುವೆಯಾಗಿ ಹೋದ ಮೇಲೆ ಅವರು ಯಾವುದಕ್ಕೂ ನನ್ನನ್ನೇ ಕೇಳುತ್ತಿದ್ದರು. ನೀನು ಒಳಗೆ ಬಂದರೆ ಅದು ತಪ್ಪಿಹೋಗುತ್ತದೆಂದು ನನಗೆ ಹೊಟ್ಟೆಕಿಚ್ಚು. ಚಿಲಕ ಹಿಡಿದು ನಿಂತಿದ್ದವನು ನಾನು, ಅಪ್ಪ ಅಲ್ಲ.

ಸಭಿಕರೇ, ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ ತಮಗೆಲ್ಲ ನಾನು ಋಣಿ. ನಮಸ್ಕಾರ.