ಗಂಡನ ಪಾಲಿನ ಹೂರಣದುಂಡೆ

ಸೂಜಿ ಸಿಗುತ್ತೆ ಬಿಡೇ ಅಕ್ಕಾ! ಚಾಪೆ ಮೇಲೆ ಬಿದ್ದಿದ್ದು ಎಲ್ಲಿಗೆ ಹೋಗುತ್ತೆ, ಹಡಗು ಹತ್ತಿ ಜಪಾನಿಗೆ, ನಮ್ಮ ಓಶಿಮಾ ದ್ವೀಪಕ್ಕಾ? ಬೆಳಗ್ಗೆಯಿಂದ ನೆಲ ತಡವ್ತಾನೇ ಇದ್ದೀಯ. ಐವತ್ತೈದು ವರ್ಷ ಆದ್ಮೇಲೆ ತಂಗಿ ಮನೆ ನೋಡೋಕೆ ಹವಾಯಿಗೆ ಬಂದೋಳು, ಸಮುದ್ರ ನೋಡು, ಹೂ ನೋಡು... ಇರು, ನಮ್ಮನೆಯವರ ಫೋಟೋ ಗೂಡಿಗೆ ನೈವೇದ್ಯ ಇಟ್ಟು ಬಂದೆ.

ಯಾಕೆ ನಗ್ತೀಯ? ಹ್ಞೂಂ, ಕೆಂಪು ಕಾಳಿನ ಹೂರಣದುಂಡೆ, ಆರು. ಸತ್ತ ಗಂಡನಿಗೆ ಇಡೋದು ತಪ್ಪಾ? ಡಾಕ್ಟರು ಸಿಹಿ ಬೇಡ ಅಂದಿದ್ದು ನನಗೆ, ಇವರಿಗಲ್ಲ! ಇವರು ಉಂಡು ಬಿಟ್ಟಿದ್ದನ್ನ ನಾನು ತಿಂತೀನಿ. ಬಿಸಾಕೋಕಾಗುತ್ತಾ?... ಏನಂದೆ? ಬದುಕಿದ್ದಾಗ ಇವರು ಸಿಹಿ ಮುಟ್ತಿರ್ಲಿಲ್ವಾ? ನಾನು ಕಾಗದದಲ್ಲಿ ಬರೆದಿದ್ದೆಲ್ಲಾ ನೆನಪಿಟ್ಕೊಂಡಿದ್ದೀಯಲ್ಲ ಮಾರಾಯ್ತಿ! ಸತ್ತ ಮೇಲೆ ನಾಲಗೆ ಬದಲಾಗಿದೆ ಅಂತಿಟ್ಕೋ.

ಆ ಡಾಕ್ಟರಿಗೊಂದು ಹುಚ್ಚು ಕಣೆ. ಊರಲ್ಲೇ ಉಳಿದೋರ ರಕ್ತ ಒಂದ್ಕಡೆ, ಹವಾಯಿಗೆ ಬಂದೋರ ರಕ್ತ ಒಂದ್ಕಡೆ ಇಟ್ಟು ನೋಡ್ತಾರಂತೆ. ನಮಗೇ ಸಕ್ಕರೆ ಕಾಯಿಲೆ ಜಾಸ್ತಿಯಂತೆ. ಒಂದೇ ಹೊಟ್ಟೇಲಿ ಹುಟ್ಟಿದೋರು, ನಿನಗಿಲ್ಲ, ನನಗಿದೆ! ನಿನಗೆಲ್ಲಿಂದ ಬರಬೇಕು? ಬಾರ್ಲಿ ಗಂಜಿ, ಗೆಣಸು, ಒಣ ಮೀನು... ದಿನಾ ಕಿತ್ತಳೆ ತೋಟಕ್ಕೆ ಗುಡ್ಡ ಹತ್ತು, ಇಳಿ. ಆಗ ಅದನ್ನ ಬಡತನ ಅಂತಿದ್ವಿ, ಈಗ ಪಥ್ಯ ಅಂತಾರೆ! ಆ ಪಥ್ಯ ತಾಳಲಾರದೇ ತಾನೇ ನಾನು ಹಡಗು ಹತ್ತಿದ್ದು?

ಇಲ್ಲಿ ಕೂಲಿಗೆ ಕಬ್ಬು ಕಡಿಯೋವಷ್ಟು ದಿನ ಸಕ್ಕರೆ ನನ್ನ ಹತ್ರ ಸುಳಿಯಲಿಲ್ಲ. ಮಗ ಕಾರು ತಂದ ನೋಡು... ಅಂಗಡಿಗೂ ಕಾರು, ಪಕ್ಕದ ಬೀದಿಗೂ ಕಾರು. ಅನ್ನದ ಮೇಲೆ ದನದ ಮಾಂಸ, ಅದರ ಮೇಲೆ ಮೊಟ್ಟೆ, ಅದರ ಮೇಲೆ ಸಾರು. ಸುಖ ಅಂದ್ರೆ ಸುಖ!

ಅಯ್ಯೋ, ಮತ್ತೆ ಶುರು ಮಾಡಬೇಡ. ಪಿತೃಗಳ ಹಬ್ಬಕ್ಕೆ ನಿನ್ನ ಜೊತೆ ಊರಿಗೆ ಬರೋಕೆ ನನಗೆಲ್ಲಿ ಬಿಡುವು? ಅಪ್ಪ ಅಮ್ಮನ ಸಮಾಧಿಗೆ ಇನ್ನೂರು ಮೆಟ್ಟಿಲು... ಮೆಟ್ಟಿಲಿಗೆ ಹೆದರಿದೋಳಲ್ಲ ನಾನು! ಆರ್ಕಿಡ್‌ಗೆ ನೀರು ಹಾಕೋರಿಲ್ಲ, ಅಷ್ಟೇ. ಮಗ ಹಾಕ್ತಾನಾ? ಅವನಿಗೆ ಏನು ಗೊತ್ತಾಗುತ್ತೆ!... ಈ ಸೆಕೇಲಿ ಕಾಲುಚೀಲ ಯಾಕೆ ಅಂತ ಮೂರು ದಿನದಿಂದ ಅದೊಂದು ಬೇರೆ ನಿಂದು. ಸ್ಟೈಲು ಕಣೆ, ಸ್ಟೈಲು.



ಏನು ನೋಡ್ತಿದ್ದೀಯ... ಕಾಲಾ? ಕಾಲುಚೀಲ ಕೆಂಪಗಿದೆಯಾ? ಹೂರಣ ಚೆಲ್ಲಿರಬೇಕು. ಬಗ್ಗಬೇಡ ಅಕ್ಕಾ, ನಿನ್ನ ಸೊಂಟ... ಕೈಯಲ್ಲಿ ಏನದು?

ಓ... ಸೂಜಿ.

ಅರ್ಧ ಒಳಗೇ ಹೋಗಿತ್ತಾ?

ಸಿಕ್ತಲ್ಲ ಮತ್ತೆ! ಎಲ್ಲೂ ಹೋಗಲ್ಲ ಅಂತ ನಾನು ಹೇಳಿರ್ಲಿಲ್ವಾ... ಬೈಯೇ. ಏನಾದ್ರೂ ಬೈಯಿ. ಹಿಂಗೆ ನೋಡಬೇಡ.

ಹೌದು, ನೋವಾಗಲ್ಲ. ಈ ಕಾಯಿಲೆಗೆ ಪಾದ ಮರಗಟ್ಟಿ ಒಂದೂವರೆ ವರ್ಷ ಆಯ್ತು. ಗುರುವಾರ ಕಾಲಿನ ಎರಡು ಬೆರಳು ತೆಗೀತಾರೆ. ನೀನು ಬುಧವಾರ ವಿಮಾನ ಹತ್ತಿಬಿಡ್ತೀಯಲ್ಲ, ಗೊತ್ತಾಗದ ಹಾಗೆ ಮುಗಿಸೋಣ ಅಂತಿದ್ದೆ. ಭಯ ಆಗುತ್ತೆ ಕಣೆ ಅಕ್ಕಾ. ಆ ಮೆಟ್ಟಿಲು ಹತ್ತಬೇಕು ಅಂತ ನನಗೂ ಎಷ್ಟು ಆಸೆ ಇತ್ತು...

ಅಳಬೇಡ. ಎಲ್ಲಿದೆ ನಿನ್ನ ಕೈ? ನನ್ನ ಪಾದ ಹಿಡ್ಕೊಂಡಿದ್ದೀಯಾ?

ಹಾಗೇ ಹಿಡ್ಕೊಂಡಿರು. ನಾನು ನೋಡ್ತಿರ್ತೀನಿ. ನೋಡಿದ್ರೇನೇ ನನಗೆ ಗೊತ್ತಾಗೋದು.