‘ಲೋ’ ಅನ್ನುವ ಗನ್ನು

ಕರೆಂಟು ಹೋದರೆ ಹೋಗಲಿ ಬಿಡಿ, ಮೇಣದಬತ್ತಿ ಹುಡುಕಬೇಡಿ. ಇದು ಕತ್ತಲಲ್ಲೇ ಕೇಳಬೇಕಾದ್ದು. ಯಾರೋ ಹೇಳಿದ್ದನ್ನ ಇನ್ಯಾರೋ ಕೇಳಿ ಉಪ್ಪುಖಾರ ಹಚ್ಚಿದ್ದಲ್ಲ ಮತ್ತೆ. ನಮ್ಮ ಚಿಕ್ಕಮ್ಮನ ಮಗಳಿಗೆ, ಅಂದರೆ ನಮ್ಮ ಅಕ್ಕನಿಗೆ ಆಗಿದ್ದು. ಅಕ್ಕ ಲೆಕ್ಕದ ಟೀಚರ್. ಎರಡೂ ಎರಡೂ ನಾಲ್ಕು ಅಂದರೂ ಒಂದು ಸಲ ಬೆರಳು ಮಡಚಿ ನೋಡೋ ಪೈಕಿ. ಅಂಥವಳು ಕತೆ ಕಟ್ಟಲ್ಲ. ನಗೋರು ಈಗಲೇ ನಕ್ಕುಬಿಡಿ, ಆಮೇಲೆ ನಗು ಬರಲ್ಲ.

ಆ ದೊಡ್ಡ ಕಾಯಿಲೆಯ ಕಾಲ. ಶಾಲೆ ಮುಚ್ಚಿ ವರ್ಷ ಆಗ್ತಾ ಬಂದಿತ್ತು. ಆರು, ಏಳು, ಎಂಟನೇ ಕ್ಲಾಸು ಮಾತ್ರ ತೆಗೀಬಹುದು ಅಂತ ಆದೇಶ ಬಂತು. ನಾಳೆ ಬೆಳಿಗ್ಗೆ ಮಕ್ಕಳು ಬರಬೇಕು, ಇವತ್ತು ಸಂಜೆ ಏಳೂಕಾಲಾದರೂ ಅಕ್ಕ ಶಾಲೆಯಲ್ಲೇ ಇದ್ದಳು. ಯಾಕೆ ಅಂದರೆ ಸುರಕ್ಷತೆಯ ಉಸ್ತುವಾರಿ ಅವಳ ತಲೆಗೇ ಕಟ್ಟಿದ್ದರು. ಬೆಂಚಿಂದ ಬೆಂಚಿಗೆ ಅಳತೆ ಹಿಡೀಬೇಕಲ್ಲ, ಲೆಕ್ಕದವರಾದರೆ ಸರಿಹೋಗುತ್ತೆ ಅಂತ. ಗೇಟಿನ ಹತ್ತಿರ ಸುಣ್ಣದಲ್ಲಿ ವೃತ್ತ ಬರೆಸಿದ್ದಾಯ್ತು. ಕೈಗೆ ಹಾಕೋ ದ್ರಾವಣದ ಬಾಟಲಿ ಇಟ್ಟಿದ್ದಾಯ್ತು. ಉಳಿದದ್ದು ಒಂದು ಫಾರ್ಮು. ಹನ್ನೆರಡು ಪ್ರಶ್ನೆ, ಪ್ರತಿಯೊಂದಕ್ಕೂ ಟಿಕ್ ಹಾಕಿ ಕೆಳಗೆ ಅಕ್ಕ ಸಹಿ ಮಾಡಬೇಕು. ಸಹಿ ಬಿದ್ದರೆ ಬಾಗಿಲು ತೆಗೆಯುತ್ತೆ.

ಒಂಬತ್ತನೇ ಪ್ರಶ್ನೆಗೆ ಬಂದು ಅವಳ ಪೆನ್ನು ನಿಂತಿತು. ‘ಎಲ್ಲ ಕೊಠಡಿಗಳಲ್ಲಿ ಸಾಕಷ್ಟು ಕಿಟಕಿಗಳಿವೆಯೇ?’

ವಿಷಯ ಏನಪ್ಪಾ ಅಂದರೆ, ಶಾಲೆ ಲಕಲಕ ಅನ್ನಲಿ ಅಂತ ರಜೆಯಲ್ಲಿ ಎಲ್ಲ ಕಿಟಕಿಗೂ ನೀಲಿ ಎಣ್ಣೆ ಬಣ್ಣ ಹೊಡೆಸಿದ್ದರು. ಆರನೇ ಕ್ಲಾಸಿನ ರೂಮಲ್ಲಿ ಬಣ್ಣದವರು ಕಿಟಕಿ ಮುಚ್ಚಿಟ್ಟೇ ಬಳಿದಿದ್ದರು. ಮರದ ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಎರಡೆರಡು ಕೋಟು! ಒಣಗಿದ ಮೇಲೆ ನಾಲ್ಕಕ್ಕೆ ನಾಲ್ಕೂ ಕಿಟಕಿ ಗೋಡೆಯ ಹಾಗೆ ಕೂತುಬಿಟ್ಟವು. ಹೆಡ್‌ಮಾಸ್ಟರಿಗೆ ಹೇಳಿದರೆ ಅವರೇನಂದರು ಗೊತ್ತಾ?

“ಕಿಟಕಿ ಇದೆ ತಾನೆ ಟೀಚರ್?”

“ಇದೆ ಸರ್, ಆದರೆ ತೆಗೆಯಕ್ಕಾಗಲ್ಲ.”

“ಇವೆಯೇ ಅಂತ ಕೇಳಿದಾರೆ. ತೆಗೆಯುತ್ತವೆಯೇ ಅಂತ ಕೇಳಿಲ್ಲ. ಬಡಗಿ ಮುಂದಿನ ವಾರ ಬರ್ತಾನೆ. ಈಗ ಟಿಕ್ ಹಾಕಿ, ಮನೆಗೆ ಹೋಗಿ.”

ಅಕ್ಕ ಟಿಕ್ ಹಾಕಿದಳು. ಸಹಿ ಮಾತ್ರ ರಾತ್ರಿ ಮಾಡ್ತೀನಿ ಸರ್ ಅಂತ ಫಾರ್ಮನ್ನ ಬ್ಯಾಗಿಗೆ ಹಾಕಿಕೊಂಡಳು. ಅವಳ ಹೊಟ್ಟೆಯಲ್ಲಿ ಎರಡು ಸಂಕಟ ಇತ್ತು. ಒಂದು, ನಾಳೆ ಆ ರೂಮಲ್ಲಿ ಕೂರೋದು ಅವಳ ಮಗಳೇ. ಆರನೇ ಕ್ಲಾಸು. ವಾರದಿಂದ ಹೊಸ ಬ್ಯಾಗು ಬೆನ್ನಿಂದ ಇಳಿಸಿರಲಿಲ್ಲ ಆ ಮಗು. ಎರಡನೇದು... ಆ ಟಿಕ್ ಅವಳು ಹಾಕಿದ್ದು ಅದೇ ಮೊದಲಲ್ಲ.

ಎರಡು ತಿಂಗಳ ಹಿಂದೆ ಒಂದು ದಿನಕ್ಕೆ ಅಂತ ಶಾಲೆ ತೆಗೆದಿದ್ದರು. ಫೇಲಾದ ಮಕ್ಕಳಿಗೆ ಮರುಪರೀಕ್ಷೆ, ಆವತ್ತೂ ಇದೇ ಫಾರ್ಮು. ಆ ರೂಮಲ್ಲಿ ಪರೀಕ್ಷೆ ಕಾಯೋಕೆ ಹೋಗಿದ್ದು ಡ್ರಾಯಿಂಗ್ ಮೇಷ್ಟ್ರು. ರಿಟೈರಾಗೋಕೆ ಒಂದೇ ವರ್ಷ ಇತ್ತು. ಶರಟಿನ ಜೇಬಲ್ಲಿ ಸದಾ ಅರ್ಧ ಬ್ಲೇಡು, ಮಕ್ಕಳ ಪೆನ್ಸಿಲ್ ಹೆರೆಯೋಕೆ. ಬಾಯಲ್ಲಿ ಸದಾ ತಮಾಷೆ. ಅಕ್ಕ ಗೇಟಲ್ಲಿ ಜ್ವರ ನೋಡೋ ಗನ್ನು ಹಣೆಗೆ ಹಿಡಿದರೆ ಎರಡೂ ಕೈ ಎತ್ತಿ, “ಶರಣು ತಾಯಿ, ಗುಂಡು ಹಾರಿಸಬೇಡ!” ಅನ್ನೋರು. ಆ ಗನ್ನಿನ ಒಂದು ಗುಣ ಅಂದರೆ, ಮನುಷ್ಯರಿಗೆ ಹಿಡಿದರೆ ನಂಬರ್ ತೋರಿಸುತ್ತೆ. ತಣ್ಣಗಿರೋ ಗೋಡೆಗೋ ಬೆಂಚಿಗೋ ಹಿಡಿದರೆ ನಂಬರ್ ಬರಲ್ಲ, ‘ಲೋ’ ಅಂತ ಬರುತ್ತೆ, ಇಂಗ್ಲಿಷಲ್ಲಿ ಕಮ್ಮಿ ಅಂತ. ಮೇಷ್ಟ್ರಿಗೆ ಅದೊಂದು ದೊಡ್ಡ ಜೋಕು. “ನೋಡಿದೆಯಾ ತಾಯಿ, ಗೋಡೆಯನ್ನ ಲೋ ಅಂತ ಕರೆಯುತ್ತೆ. ನನಗೆ ಮಾತ್ರ ಮರ್ಯಾದೆ ಕೊಟ್ಟು ನಂಬರ್ ಹೇಳುತ್ತೆ. ನನ್ನನ್ನೂ ಲೋ ಅಂದ ದಿನ ತಿಳ್ಕೋ, ಮೇಷ್ಟ್ರು ಹೊರಟ ಅಂತ.”

ಆವತ್ತು ಪರೀಕ್ಷೆ ಶುರುವಾಗೋ ಮುಂಚೆ ಮೇಷ್ಟ್ರು ಬಾಗಿಲಲ್ಲಿ ನಿಂತು ಕೇಳಿದ್ದರು, “ಕಿಟಕಿ ತೆಗೆಸು ತಾಯಿ, ಉಸಿರು ಕಟ್ಟುತ್ತೆ.” ಅಕ್ಕನಿಗೆ ನೂರೆಂಟು ಕೆಲಸ. “ಎರಡು ಗಂಟೆ ತಾನೆ ಮೇಷ್ಟ್ರೇ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ” ಅಂದಿದ್ದಳು.

ನಾಲ್ಕನೇ ದಿನಕ್ಕೆ ಮೇಷ್ಟ್ರಿಗೆ ಜ್ವರ. ಹದಿನಾರನೇ ದಿನಕ್ಕೆ ಹೋಗಿಬಿಟ್ಟರು. ಮುಖ ನೋಡೋಕೂ ಯಾರನ್ನೂ ಬಿಡಲಿಲ್ಲ. ಆ ರೂಮಿಂದಲೇ ಅಂಟಿತು ಅಂತ ಯಾರಾದರೂ ಹೇಳೋಕಾಗುತ್ತಾ? ಯಾರೂ ಹೇಳಲಿಲ್ಲ. ಅಕ್ಕನೂ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ರಾತ್ರಿ ನಿದ್ದೆ ಮಾತ್ರ ಸರಿಯಾಗಿ ಬರ್ತಿರಲಿಲ್ಲ.

ಸರಿ. ಈಗ ಆ ಸಂಜೆಗೆ ಬನ್ನಿ.

ಶಾಲೆಯ ಹಿಂದೆ ಒಂದು ಹಳೇ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹೊದಿಸಿದಾರೆ. ಅದರ ಪಕ್ಕದ ದಾರಿ ಹಿಡಿದರೆ ಅಕ್ಕನ ಮನೆ ಹತ್ತಿರ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಆಗೆಲ್ಲ ಸಂಜೆಯಾದರೆ ಎಲ್ಲರೂ ಬಾಗಿಲು ಹಾಕ್ಕೊಂಡು ಕೂರೋರು ತಾನೆ? ಅಕ್ಕ ಬಾವಿ ದಾಟಿ ಎರಡು ಹೆಜ್ಜೆ ಇಟ್ಟಿರಬೇಕು... ಸದ್ದು ಕೇಳಿಸಿತು.

ಕರ್... ಕರ್... ಕರ್...

ನಿಂತಳು. ಸದ್ದೂ ನಿಂತಿತು. ಮತ್ತೆ ಹೆಜ್ಜೆ ಇಟ್ಟಳು.

ಕರ್... ಕರ್...

ಇಲಿ ಹಲ್ಲು ಮಸೆಯೋ ಸದ್ದಲ್ಲ. ಒಣಗಿದ ಬಣ್ಣವನ್ನ ತೆಳ್ಳಗಿನ ಯಾವುದರಿಂದಲೋ ಕೆರೆಯೋ ಸದ್ದು. ಆರನೇ ಕ್ಲಾಸಿನ ಮುಚ್ಚಿದ ಕಿಟಕಿಯ ಒಳಗಿಂದ.

ನಾನಾಗಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ಓಡ್ತಿದ್ದೆ. ಅಕ್ಕ ಓಡಲಿಲ್ಲ. ಹೆಡ್‌ಮಾಸ್ಟರ್ ಮನಸ್ಸು ಬದಲಾಯಿಸಿ ಬಡಗಿಯನ್ನ ಕರೆಸಿದಾರೆ ಅಂದುಕೊಂಡಳು ಪಾಪ. ಸದ್ಯ, ಮಗಳು ಕೂರೋ ಜಾಗಕ್ಕೆ ಗಾಳಿ ಬರುತ್ತಲ್ಲ ಅಂತ ಅವಳಿಗೆ ಸಮಾಧಾನವೇ ಆಯ್ತು. ಹಿಂದಿನ ಗೇಟಿಂದ ಒಳಗೆ ಬಂದಳು. ರೂಮಿನ ಬಾಗಿಲು ಬರೀ ಮುಂದೆ ಮಾಡಿತ್ತು. ತಳ್ಳಿದಳು.

ಯಾರೂ ಇಲ್ಲ. ಬೆಂಚುಗಳ ಮೇಲೆ ಅವಳೇ ಸೀಮೆಸುಣ್ಣದಲ್ಲಿ ಹಾಕಿದ್ದ ಗುರುತು. ಬಣ್ಣದ ವಾಸನೆ ಗಪ್ ಅಂತ ಮೂಗಿಗೆ ಬಡಿಯಿತು. ಅಕ್ಕ ಕೊನೇ ಕಿಟಕಿಯ ಹತ್ತಿರ ಹೋಗಿ ಬೆರಳಲ್ಲಿ ಸವರಿದಳು. ಬಾಗಿಲು ಚೌಕಟ್ಟು ಸೇರೋ ಕಡೆ ಹೊಸದಾಗಿ ಒಂದು ಗೀರು. ಒಂದು ಗೇಣಿನಷ್ಟು ಉದ್ದ, ಸ್ಕೇಲಿಟ್ಟು ಎಳೆದಷ್ಟು ನೇರ.

ಅಷ್ಟರಲ್ಲಿ ವರಾಂಡದ ಆ ತುದಿಯಿಂದ... ಧಡ್, ಕಟಕ್. ಧಡ್, ಕಟಕ್.

ಅದು ವಾಚ್‌ಮನ್. ಏಳೂವರೆಗೆ ಅವನ ಸವಾರಿ. ಬಾಗಿಲಿಗೆ ಒಂದು ಗುದ್ದು, ಹೊರಗಿನ ಚಿಲಕ ಕಟಕ್, ಮುಂದಿನ ಬಾಗಿಲು. ಒಳಗೆ ಇಣುಕಿ ನೋಡೋ ಅಭ್ಯಾಸವೇ ಇಲ್ಲ ಮಹಾನುಭಾವನಿಗೆ. ಕಿವಿಯಲ್ಲಿ ಯಾವಾಗಲೂ ಇಯರ್‌ಫೋನು.

“ಏ, ಇರಪ್ಪಾ! ನಾನಿದೀನಿ!” ಅಂತ ಅಕ್ಕ ಬೆಂಚುಗಳ ನಡುವೆ ಓಡಿದಳು.

ಧಡ್. ಕಟಕ್.

ಬಾಗಿಲು ಬಡಿದಳು, ಕೂಗಿದಳು. ಚಪ್ಪಲಿ ಸದ್ದು ದೂರ ಹೋಯ್ತು. ಆಮೇಲೆ ಅವನು ಮೇನ್ ಸ್ವಿಚ್ಚೂ ಆರಿಸಿದ. ವರಾಂಡದ ದೀಪ ಹೋಯ್ತು. ಬಾಗಿಲ ಕೆಳಗಿಂದ ಬರ್ತಿದ್ದ ಒಂದು ಗೆರೆ ಬೆಳಕೂ ಹೋಯ್ತು.

ಮೊಬೈಲು? ಬೆಳಗಿನಿಂದ ಅಪ್ಪ ಅಮ್ಮಂದಿರ ಫೋನು ಎತ್ತಿ ಎತ್ತಿ ಮಧ್ಯಾಹ್ನವೇ ಸತ್ತು ಮಲಗಿತ್ತು. ಮನೆಯವರು ವಾರದಿಂದ ದಿನಾ ಲೇಟಾಗಿ ಬರೋದು ನೋಡಿದಾರೆ, ಹುಡುಕಿಕೊಂಡು ಬರಲ್ಲ. ನಾಲ್ಕು ಗೋಡೆ, ಗೋಡೆಯಂಥ ನಾಲ್ಕು ಕಿಟಕಿ. ಮಾಸ್ಕು ಬೆವರಿಗೆ ಒದ್ದೆಯಾಗಿ ಮೂಗಿಗೆ ಅಂಟಿಕೊಂಡಿತು. ಕಿತ್ತು ಹಾಕಿದಳು. ಆದರೂ ಅಷ್ಟೇ. ಎಳೆದ ಉಸಿರು ಅರ್ಧದಲ್ಲೇ ನಿಲ್ತಿತ್ತು. ಎರಡು ಗಂಟೆ ಹೀಗೆ ಕೂತಿದ್ದರಲ್ಲ ಅವರು ಅಂತ ಆಗ ಅವಳಿಗೆ ಮೊದಲ ಸಲ ಹೊಳೆಯಿತು.

ಆಗ...

ಖೊಕ್... ಖೊಕ್.

ಎರಡು ಕೆಮ್ಮು. ಆಮೇಲೆ ಗಂಟಲು ಸರಿ ಮಾಡಿಕೊಂಡ ಸದ್ದು.

ಅಕ್ಕ ಬ್ಯಾಗಿಗೆ ಕೈ ಹಾಕಿದಳು. ಬೆಳಕು ಕೊಡೋ ವಸ್ತು ಅಂತ ಇದ್ದದ್ದು ಆ ಜ್ವರದ ಗನ್ನೊಂದೇ, ಗುಂಡಿ ಒತ್ತಿದರೆ ಅದರ ಪುಟ್ಟ ಪರದೆ ಹಸಿರಾಗಿ ಹೊತ್ತಿಕೊಳ್ಳುತ್ತೆ. ಮುಂದಿನ ಬೆಂಚಿನ ಕಡೆ ಹಿಡಿದು ಒತ್ತಿದಳು. ಪಿಪ್. ‘ಲೋ’. ಗೋಡೆ ಕಡೆ. ಪಿಪ್. ‘ಲೋ’. ಕೊನೇ ಕಿಟಕಿ ಕಡೆ ತಿರುಗಿಸಿದಳು...

ಪಿಪ್ ಪಿಪ್ ಪಿಪ್.

ಪರದೆ ಕೆಂಪಾಯ್ತು. ನೂರಾ ಮೂರು.

“ಯಾರು...?”

ಅಕ್ಕ ಒಂದು ಹೆಜ್ಜೆ ಮುಂದಿಟ್ಟಳು.

“ಮೇಷ್ಟ್ರೇ...?”

“ಶರಣು ತಾಯಿ.” ಪಿಸುಮಾತು. “ಗುಂಡು... ಹಾರಿಸಬೇಡ.”

ಅಕ್ಕನ ಕೈಯಿಂದ ಗನ್ನು ಬೆಂಚಿನ ಮೇಲೆ ಬಿತ್ತು. ಅವಳು ಅಲ್ಲೇ ಕೂತಳು.

“ಕಿಟಕಿ ತೆಗೆಸು ತಾಯಿ.”

“ಚಿಲಕ ಹಾಕ್ಕೊಂಡು ಹೋದ ಮೇಷ್ಟ್ರೇ... ನಾನೂ ಸಿಕ್ಕಿಹಾಕ್ಕೊಂಡಿದೀನಿ.”

ಖೊಕ್... ಖೊಕ್.

“ಎರಡು ಗಂಟೆ ತಾನೆ...”

ಬೈದು ಹೇಳಿದ್ದಲ್ಲವಂತೆ. ಚುಚ್ಚಿ ಹೇಳಿದ್ದೂ ಅಲ್ಲ. ಅವಳಿಗೇ ಸಮಾಧಾನ ಹೇಳೋ ಹಾಗೆ ಹೇಳಿದರಂತೆ. ಅದನ್ನೇ ಅಕ್ಕನಿಗೆ ತಡೆಯಕ್ಕಾಗಲಿಲ್ಲ. ಎರಡು ತಿಂಗಳಿಂದ ಕಟ್ಟಿಟ್ಟಿದ್ದ ಅಳು ಒಡೆದುಕೊಂಡು ಬಂತು. “ತಪ್ಪಾಯ್ತು ಮೇಷ್ಟ್ರೇ. ಟಿಕ್ ಹಾಕಿದ್ದು ನಾನೇ. ಇವತ್ತೂ ಹಾಕಿದೀನಿ. ನನ್ನ ಮಗು ಇಲ್ಲೇ ಕೂರುತ್ತೆ ಅಂತ ಗೊತ್ತಿದ್ದೂ ಹಾಕಿದೀನಿ.”

ಮತ್ತೆ ಆ ಸದ್ದು ಶುರುವಾಯ್ತು. ಕರ್... ಕರ್...

ಅಕ್ಕ ಎದ್ದಳು. ಹೆದರಿಕೆ ಇರಲಿಲ್ಲವಾ ಅಂತ ನಾನು ಕೇಳಿದೆ. “ಇತ್ತು ಕಣೇ. ಆದರೆ ಉಸಿರು ಬೇಕಿತ್ತಲ್ಲ” ಅಂದಳು. ಬ್ಯಾಗಿಂದ ಮನೆ ಬೀಗದ ಕೈ ತೆಗೆದು, ಸರಳುಗಳ ನಡುವೆ ಕೈ ತೂರಿಸಿ, ಬಣ್ಣದ ಸಂದಿಯನ್ನ ಕೆರೆಯೋಕೆ ನಿಂತಳು. ಅವಳು ಎಡಗಡೆ. ಬಲಗಡೆಯಿಂದ ಆ ಇನ್ನೊಂದು ಸದ್ದು. ಅವಳದು ಗರಕ್ ಗರಕ್, ಅದು ಸಣ್ಣಗೆ ಕರ್ ಕರ್. ಅವಳು ನಿಲ್ಲಿಸಿದರೆ ಅದೂ ನಿಲ್ತಿತ್ತು, ಕಾಯ್ತಿತ್ತು. ಬಲಗಡೆ ಅವಳು ಒಂದು ಸಲವೂ ತಿರುಗಿ ನೋಡಲಿಲ್ಲ. ಬೆಂಚಿನ ಮೇಲೆ ಬಿದ್ದಿದ್ದ ಗನ್ನು ಆಗಾಗ ತನ್ನಷ್ಟಕ್ಕೆ ಪಿಪ್ ಅಂತಿತ್ತು. ಬ್ಯಾಟರಿ ಮುಗೀತಾ ಬಂತೇನೋ ಅಂದುಕೊಂಡಳು.

ಎಷ್ಟು ಹೊತ್ತೋ. ಬೆರಳ ಗೆಣ್ಣು ಸುಲಿದು ರಕ್ತ ಬಂದಿತ್ತು. ಕೊನೆಗೆ ಅಂಗೈ ಇಟ್ಟು ಜೋರಾಗಿ ತಳ್ಳಿದಳು.

ಪಟ್!

ಬಣ್ಣ ಸಿಡಿದು ಕಿಟಕಿ ತೆರೆದುಕೊಂಡಿತು. ತಣ್ಣನೆ ಗಾಳಿ ಮುಖಕ್ಕೆ ಬಂತು. ಅಕ್ಕ ಸರಳು ಹಿಡಿದುಕೊಂಡು ಬಾಯಿ ತೆರೆದು ಉಸಿರೆಳೆದಳು. ಅವಳ ಪಕ್ಕದಲ್ಲಿ... ಬಲಗಡೆ... ಇನ್ನೊಂದು ಉದ್ದ ಉಸಿರು. ಬಹಳ ಉದ್ದ. ಅದು ಮುಗಿದ ಮೇಲೆ ಬೆಂಚಿನ ಮೇಲೆ ಇನ್ನೊಂದು ಸಲ ಪಿಪ್. ಆಮೇಲೆ ಏನೂ ಇಲ್ಲ.

ಅವಳ ಕೂಗು ಕೇಳಿ ವಾಚ್‌ಮನ್ ಓಡಿಬಂದು ಚಿಲಕ ತೆಗೆದಾಗ ಒಂಬತ್ತೂವರೆ. ಚಿಲಕ ಬಿದ್ದಿದ್ದು ಏಳೂವರೆಗೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಮರುದಿನ ಬೆಳಿಗ್ಗೆ ಏಳಕ್ಕೆ ಅಕ್ಕ ಹೆಡ್‌ಮಾಸ್ಟರ ಟೇಬಲ್ ಮೇಲೆ ಫಾರ್ಮು ಇಟ್ಟಳು. ಒಂಬತ್ತನೇ ಟಿಕ್ ಮೇಲೆ ಅಡ್ಡಗೆರೆ. ಪಕ್ಕದಲ್ಲಿ ‘ಕಿಟಕಿ ನಾಲ್ಕಿವೆ, ಮೂರು ತೆಗೆಯುವುದಿಲ್ಲ.’ ಕೆಳಗೆ ಸಹಿ ಇಲ್ಲ.

“ಏನ್ ಟೀಚರ್, ಕೆಲಸ ಬೇಡವಾ?” ಅಂತ ಹೆಡ್‌ಮಾಸ್ಟರ್ ಗುಡುಗಿದರು.

“ಬೇಕು ಸರ್. ಅದಕ್ಕೇ. ಉಳಿದ ಮೂರು ಕಿಟಕಿ ತೆಗೆಯೋವರೆಗೂ ಆರನೇ ಕ್ಲಾಸು ವರಾಂಡದಲ್ಲಿ ಕೂರಲಿ. ಆಗ ಸಹಿ ಮಾಡ್ತೀನಿ.” ರಾತ್ರಿಯದ್ದೆಲ್ಲ ಹೇಳಿದಳು. ಅವರು ಪಕಪಕ ನಕ್ಕರು. ನಗುನಗುತ್ತಲೇ, ಗೇಟಿಗೆ ಹೋಗೋ ಮುಂಚೆ ನೋಡೋಣ ಅಂತ ಗನ್ನು ಕೈಗೆ ತಗೊಂಡು, ಹಿಂದೆ ಅಳೆದದ್ದನ್ನ ತೋರಿಸೋ ಗುಂಡಿ ಒತ್ತಿದರು. ಒಂದು ಸಲ, ಎರಡು ಸಲ, ಮೂರು ಸಲ... ನಗು ನಿಂತಿತು. ಒಂದು ಚೀಟಿ ತಗೊಂಡು ಒಂದೊಂದೇ ಬರೆದುಕೊಂಡರು. ಬರೆದಾದ ಮೇಲೆ ಬಡಗಿಗೆ ಫೋನ್ ಮಾಡಿದರು. ಆ ವಾರ ಪೂರ್ತಿ ಅಕ್ಕನ ಮಗಳು ವರಾಂಡದಲ್ಲಿ ಕೂತು ಪಾಠ ಕೇಳಿತು.

ಸುಳ್ಳಾದರೆ ನನ್ನ ನಾಲಿಗೆ ಬಿದ್ದುಹೋಗಲಿ. ಆ ಚೀಟಿ ಅಕ್ಕನ ಬೀರುವಿನಲ್ಲಿದೆ, ನಾನು ಕೈಯಲ್ಲಿ ಹಿಡಿದು ನೋಡಿದೀನಿ. ಕಿಟಕಿ ಕಡೆ ಅಕ್ಕ ಗುಂಡಿ ಒತ್ತಿದ್ದು ಒಂದೇ ಸಲ, ಅದು ನೂರಾ ಮೂರು. ಅದಾದ ಮೇಲೆ ಗನ್ನನ್ನ ಯಾರೂ ಮುಟ್ಟಿಲ್ಲ. ಆದರೂ ಚೀಟಿಯಲ್ಲಿ ನೂರಾ ಮೂರರ ಕೆಳಗೆ ನೂರಾ ಎರಡು ಅಂತಿದೆ. ಅದರ ಕೆಳಗೆ ನೂರಾ ಒಂದು. ಆಮೇಲೆ ತೊಂಬತ್ತೊಂಬತ್ತು ಪಾಯಿಂಟ್ ಆರು. ಆಮೇಲೆ ತೊಂಬತ್ತೆಂಟು ಪಾಯಿಂಟ್ ನಾಲ್ಕು.

ಕೊನೇ ಸಾಲಲ್ಲಿ ನಂಬರಿಲ್ಲ. ‘ಲೋ’ ಅಂತ ಬರೆದಿದೆ.